ಗುರುತಿನ ಊಟ

ನಮ್ಮ ಸೋದರಮಾವನಿಗೆ ಚನ್ನಗಿರಿ ತಾಲ್ಲೂಕಿನಲ್ಲಿ ಒಂದು ಗೇಣು ಜಮೀನಿರಲಿಲ್ಲ. ಆದರೆ ಅವರ ಸಹಿಯಿಲ್ಲದೆ ಆ ತಾಲ್ಲೂಕಿನ ಒಂದು ಗೇಣು ಜಮೀನೂ ಕೈ ಬದಲಾಯಿಸುತ್ತಿರಲಿಲ್ಲ ಎಂದರೆ ನಂಬುತ್ತೀರಾ? ನಂಬಬೇಡಿ, ಸ್ವಲ್ಪ ಉತ್ಪ್ರೇಕ್ಷೆಯಿದೆ. ಬೇಗ ಕೈ ಬದಲಾಯಿಸುತ್ತಿರಲಿಲ್ಲ ಎನ್ನುವುದು ಮಾತ್ರ ಅಪ್ಪಟ ನಿಜ!

ಎಪ್ಪತ್ತರ ದಶಕದ ಕೊನೆಯ ಮಾತು. ಚನ್ನಗಿರಿಯ ಶಾಲೆಯೊಂದಕ್ಕೆ ಹೊಸದಾಗಿ ಟೀಚರಾಗಿ ಬಂದ ನಾನು ಮಾವ-ಅತ್ತೆಯ ಬಾಡಿಗೆ ಮನೆಯಲ್ಲಿ ಠಿಕಾಣಿ ಹೂಡಿದ್ದೆ. ಮಾವನದು ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿಗೇ ಸೈಕಲ್ ಅಂಗಡಿ. ಹೊಲವನ್ನೋ ಮನೆಯನ್ನೋ ಮಾರುವವರು ಕಚೇರಿಗೆ ಬಂದರೆ, ‘ಇವನು ಇವನೇ, ನಾನು ಬಲ್ಲೆ’ ಎಂದು ಯಾರಾದರೂ ಗುರುತು ಹೇಳಿ ಕ್ರಯಪತ್ರಕ್ಕೆ ಸಹಿ ಹಾಕಬೇಕಲ್ಲ? ಉಳಿದವರು ಅರ್ಧ ಟೀ, ಒಂದು ಪೊಟ್ಟಣ ಮಂಡಕ್ಕಿ ಕೊಟ್ಟರೆ ಸಾಕು, ಯಾರನ್ನು ಬೇಕಾದರೂ ಬಲ್ಲವರಾಗುತ್ತಿದ್ದರು. ಮಾವ ಹಾಗಲ್ಲ. “ಬಲ್ಲೆ ಅಂತ ಬರೀಬೇಕಾದ್ರೆ ಬಲ್ಲವನಾಗಿರಬೇಕಲ್ರೀ!” ಎನ್ನುವುದು ಅವರ ಹಟ. ಅವರು ಗುರುತಿಸಿದ ಪತ್ರ ಕೋರ್ಟು ಹತ್ತುವುದಿಲ್ಲ ಎಂದು ಹೆಸರಾಗಿದ್ದರಿಂದ ಕೊಳ್ಳುವವರೆಲ್ಲ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಮಾರುವವರ ಪಾಡು ಯಾರಿಗೆ ಹೇಳೋಣ!

ಒಮ್ಮೆ ಕತ್ತಲಗೆರೆಯ ರೈತನೊಬ್ಬನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿಕೊಂಡು ವಿಚಾರಣೆ ಶುರು ಮಾಡಿದರು. ಮಗಳನ್ನು ಎಲ್ಲಿಗೆ ಕೊಟ್ಟಿದ್ದೀರಿ, ಬೀಗರ ಜೊತೆ ಮಾತಿದೆಯೋ ಬಿಟ್ಟಿದ್ದೀರೋ, ಮಲಗಿದಾಗ ಗೊರಕೆ ಹೊಡೆಯುತ್ತೀರೋ ಹೇಗೆ? ಆ ಮನುಷ್ಯ ಕೈ ಮುಗಿದು ಎದ್ದು ನಿಂತ. “ಸ್ವಾಮೀ, ನಾನು ಹೊಲ ಮಾರಾಕೆ ಬಂದೀನಿ, ನಿಮ್ಮನೆ ಹೆಣ್ಣು ಕೇಳಾಕೆ ಬಂದಿಲ್ಲ!” ಆ ಮನೆಯಲ್ಲಿದ್ದ ಮದುವೆಯಾಗದ ಹೆಣ್ಣು ನಾನೊಬ್ಬಳೇ. ನನಗೆ ಹೇಗಾಗಿರಬೇಡ!

ಇನ್ನೊಬ್ಬ ಆಸಾಮಿ ಹೊನ್ನಾಳಿಯವನು. ಅವನ ನೆರೆಹೊರೆಯವರನ್ನು ಕೇಳದೆ ಸಹಿ ಇಲ್ಲವೆಂದು ಮಾವ ಅಂಗಡಿ ಮುಚ್ಚಿ ಬಸ್ಸು ಹತ್ತಿದರು. ಕೊಡೆ ಹಿಡಿದ ಅಪರಿಚಿತರೊಬ್ಬರು ಬೀದಿಯಲ್ಲಿ ನಿಂತು ತನ್ನ ಹೆಸರು ಹೇಳಿ ವಿಚಾರಿಸುತ್ತಿದ್ದಾರೆಂದು ಕೇಳಿದ ಆಸಾಮಿ, ಜಪ್ತಿಗೆ ಕೋರ್ಟಿನ ಅಮೀನನೇ ಬಂದನೆಂದು ಅಟ್ಟ ಹತ್ತಿ ಅಡಗಿಕೊಂಡ. ಗುರುತು ಹಿಡಿಯಲು ಹೋದವರಿಗೆ ಮನುಷ್ಯನ ಮುಖವೇ ಸಿಗಲಿಲ್ಲ! ಇದರಿಂದ ಮಾವ ಕಲಿತ ಪಾಠ ಒಂದೇ: ಜನರನ್ನು ಹುಡುಕಿಕೊಂಡು ಹೋಗಬಾರದು, ಮನೆಗೆ ಊಟಕ್ಕೆ ಕರೆಯಬೇಕು.

“ಊಟಕ್ಕೆ ಕೂತೋನು ಸುಳ್ಳು ಹೇಳಲ್ಲ ಕಣೇ” ಎಂದು ನನಗೆ ತಿಳಿಹೇಳಿದರು.

“ಯಾಕೆ ಮಾವ?”

“ಬಾಯಿ ತುಂಬ ರೊಟ್ಟಿ ಇರ್ತೈತಲ್ಲ!”

ರೊಟ್ಟಿ ತಟ್ಟುವವರು ಅತ್ತೆ ತಾನೇ. “ಸರ್ಕಾರದೋರು ಛಾಪಾ ಕಾಗದ ಕೊಡ್ತಾರೆ, ಪಲ್ಯ ನಾನು ಕೊಡಬೇಕೇನ್ರೀ?” ಎಂದು ಗೊಣಗುತ್ತಲೇ ಬಡಿಸುತ್ತಿದ್ದರು. ನಾನು ಅದಕ್ಕೆ ಗುರುತಿನ ಊಟ ಎಂದು ಹೆಸರಿಟ್ಟಿದ್ದೆ. ಗುರುತಿನ ಊಟವಿದ್ದ ದಿನ ನನ್ನ ಪಾಲಿಗೆ ಬರೀ ಮಜ್ಜಿಗೆ ಅನ್ನ!

ಅತ್ತೆಯ ಸಿಟ್ಟಿಗೆ ರೊಟ್ಟಿಯೊಂದೇ ಕಾರಣವಲ್ಲ. ಊರಿನವರ ಮನೆ ಹೊಲಗಳೆಲ್ಲ ಕಣ್ಣೆದುರಿಗೇ ರಿಜಿಸ್ಟರ್ ಆಗುತ್ತಿದ್ದರೂ ಅವರಿಗೊಂದು ಸ್ವಂತ ಮನೆಯಿರಲಿಲ್ಲ. ಮದುವೆಯಾದಾಗಿನಿಂದ ಬಾಡಿಗೆ ಮನೆಗಳೇ. ಗೋಡೆಗೆ ಮೊಳೆ ಹೊಡೆಯಬೇಕಾದರೂ ಮನೆಯೊಡೆಯನ ಅಪ್ಪಣೆ ಬೇಕಿತ್ತು. “ಸಾಯೋದ್ರೊಳಗೆ ನಂದು ಅಂತ ಒಂದು ಹೊಸ್ತಿಲು ಸಾರಿಸಬೇಕು ಕಣೇ” ಎನ್ನುವರು. ಅದನ್ನು ಹೇಳುವಾಗ ಮಾತ್ರ ಅವರ ದನಿಯಲ್ಲಿ ತಮಾಷೆ ಇರುತ್ತಿರಲಿಲ್ಲ.

ಕೊನೆಗೂ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಹೆಂಚಿನ ಮನೆ ಕುದುರಿತು. ಮನೆಯೊಡತಿ ವಿಧವೆ, ಗಂಡ ತೀರಿಕೊಂಡ ಮೇಲೆ ಜಗಳೂರಿನ ಅಣ್ಣನ ಮನೆ ಸೇರಿದ್ದಳು. ವ್ಯವಹಾರವನ್ನೆಲ್ಲ ಅಣ್ಣನೇ ಮುಗಿಸಿದ್ದ. ಅತ್ತೆಯ ತವರಿನ ಬಳೆಗಳು ಮಾರಾಟವಾದವು. ಅತ್ತೆಯ ಹೆಸರಿಗೆ ಪತ್ರವೂ ತಯಾರಾಯಿತು, ಗುರುತಿನ ಸಹಿ ಮಾತ್ರ ಮಾವನದೇ. ರಿಜಿಸ್ಟ್ರಿಯ ದಿನ ಅಣ್ಣ ತಂಗಿ ಬಸ್ಸಿಳಿದು ನೇರ ನಮ್ಮ ಮನೆಗೇ ಬಂದರು. ಈಗ ಇವರ ವಿಚಾರಣೆ ಯಾವ ಕಾಲಕ್ಕೆ ಮುಗಿಯುತ್ತದೋ ಎಂದು ನಾನು ಶಾಲೆಗೆ ಇಡೀ ದಿನ ರಜೆ ಹಾಕಿದ್ದೆ.

ಮಾವ ಅತ್ತೆಯ ಮುಖ ನೋಡಿದರು. ಹೊಸ ಸೀರೆಯುಟ್ಟು, ಕೈಯೆಲ್ಲ ಬೋಳಾಗಿ, ಬಾಗಿಲ ಬಳಿ ನಿಂತಿದ್ದರು ಅತ್ತೆ.

“ನಡೀರಿ, ಕಚೇರಿಗೆ ಹೋಗಾಣ. ನೋಡಿದ್ರೆ ಗೊತ್ತಾಗ್ತೈತೆ, ಒಳ್ಳೇ ಜನ” ಎಂದುಬಿಟ್ಟರು ಮಾವ!

ನಾನು ಬೆಪ್ಪಾದೆ. ಒಂದು ಪ್ರಶ್ನೆಯಿಲ್ಲ, ಒಂದು ರೊಟ್ಟಿಯಿಲ್ಲ! ಆದರೆ ಅಡ್ಡ ಬಂದವರು ಅತ್ತೆಯೇ. “ಉಣ್ಣದೆ ಹೆಂಗೆ ಹೋಗ್ತೀರಿ? ಅಷ್ಟು ದೂರದಿಂದ ಬಂದಾರೆ” ಎಂದು ಎಲೆ ಹಾಕಿದರು.

ಗಂಡಸರ ಊಟವಾದ ಮೇಲೆ ಆ ಹೆಂಗಸು ಅಡುಗೆಮನೆಯಲ್ಲಿ ನನ್ನ ಜೊತೆ ಊಟಕ್ಕೆ ಕೂತಳು, ಅತ್ತೆ ಬಡಿಸುತ್ತಿದ್ದರು. ಅನ್ನ ಕಲಸುತ್ತಾ ಅತ್ತೆಗೆ ಮನೆಯ ವಿಷಯ ಹೇಳತೊಡಗಿದಳು. “ಹಿತ್ತಲ ಬಾಗಿಲು ಮಳೆಗಾಲದಾಗೆ ಬಿಗಿ ಆಗ್ತೈತೆ ಅಕ್ಕಾ, ಸ್ವಲ್ಪ ಎತ್ತಿ ತಳ್ರಿ. ಕರಿಬೇವಿನ ಗಿಡಕ್ಕೆ ಪಾತ್ರೆ ತೊಳೆದ ನೀರು ಹಾಕಿದ್ರೂ ಸಾಕು. ಕಡಿಬ್ಯಾಡ್ರಿ.” ಎಷ್ಟು ಕಲಸಿದರೂ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಅತ್ತೆ ಸೌಟು ಕೆಳಗಿಟ್ಟರು. “ನಿಂಗೆ ಮಾರಾಕೆ ಮನಸೈತಾ ತಾಯಿ?”

“ಒಬ್ಬಳೇ ಹೆಂಗಿರ್ತೀ ಅಂತಾನೆ ಅಣ್ಣ.”

“ಅದು ನಿಮ್ಮಣ್ಣನ ಮಾತಾಯ್ತು. ನಿಂದು?”

“ನನ್ನ ಯಾರೂ ಕೇಳ್ಲಿಲ್ಲಕ್ಕಾ” ಎಂದವಳೇ ಎಲೆಯ ಮುಂದೆಯೇ ಅತ್ತುಬಿಟ್ಟಳು.

ಅತ್ತೆ ಎದ್ದು ಪಡಸಾಲೆಗೆ ಹೋದರು. “ರೀ, ಈ ಪತ್ರಕ್ಕೆ ನೀವು ಸಹಿ ಹಾಕಬ್ಯಾಡ್ರಿ. ನಂಗೆ ಆ ಮನೆ ಬ್ಯಾಡ.”

ಅಣ್ಣ ಕೂಗಾಡಿದ. ಛಾಪಾ ಕಾಗದ ದಂಡವಾಯಿತಲ್ಲ ಎಂದ, ಒಬ್ಬಂಟಿ ಹೆಂಗಸನ್ನು ನೋಡಿಕೊಳ್ಳುವವರು ಯಾರು ಎಂದ. “ಒಬ್ಬಂಟಿ ಯಾಕಾಗ್ತಾಳೆ? ಮುಂದಿನ ಎರಡು ಕೋಣೆ ನಮಗೆ ಬಾಡಿಗೆಗೆ ಕೊಡ್ಲಿ, ನಾವಿರ್ತೀವಿ” ಎಂದರು ಅತ್ತೆ. ಆ ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೊದಲ ಸಲ ಅಣ್ಣನ ಎದುರು ತಲೆಯೆತ್ತಿ, “ಹೂಂ, ಕೊಡ್ತೀನಿ” ಎಂದಳು. ಮನೆಯೊಡತಿಯಾಗಲು ಹೊಸ ಸೀರೆಯುಟ್ಟ ನಮ್ಮತ್ತೆ ಅದೇ ಸೀರೆಯಲ್ಲಿ ಮತ್ತೆ ಬಾಡಿಗೆದಾರರಾದರು! ಕೊನೆಯವರೆಗೂ ಹಾಗೆಯೇ ಉಳಿದರು ಕೂಡ.

ಅಣ್ಣ ತಂಗಿ ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು ಗೋಡೆಗೊರಗಿ ಕೂತರು. ಅಷ್ಟರಲ್ಲಿ ಮಾವ ಒಳಗೆ ಬಂದರು. ಲೋಕದವರನ್ನೆಲ್ಲ ಊಟಕ್ಕೆ ಕರೆತಂದವರು, ಒಂದು ದಿನವೂ ಅಡುಗೆಮನೆಯ ಪಾತ್ರೆ ಮುಟ್ಟಿದವರಲ್ಲ. ಹುಡುಕಾಡಿ ಒಂದು ಎಲೆ ತೆಗೆದು ಅತ್ತೆಯ ಮುಂದೆ ಹಾಸಿದರು. ಸಾರಿಗಿಂತ ಮೊದಲೇ ಮಜ್ಜಿಗೆ ಹಾಕಿದರು, ರೊಟ್ಟಿಯನ್ನು ಅನ್ನದ ಮೇಲಿಟ್ಟರು.

“ನೀನಿನ್ನೂ ಉಂಡಿಲ್ಲ. ಉಣ್ಣು” ಎಂದರು.

ಅತ್ತೆ ಒಂದು ತುತ್ತು ತಿಂದರು, ಆಮೇಲೆ ಅತ್ತರು. ಮಾವ ಎದ್ದು ಹೋಗಲಿಲ್ಲ. ಎಲೆಯ ಎದುರಿಗೆ ನೆಲದ ಮೇಲೆ ಕೂತು, ಅವರ ಬಳೆಯಿಲ್ಲದ ಕೈಯನ್ನು ಹಿಡಿದುಕೊಂಡೇ ಇದ್ದರು.