ನನ್ನ ರಕ್ಷಾಪುಟದೊಳಗೆ ಗುಲಾಬಿ ಬೆಳೆಸಿದ ಪ್ರಕಾಶಕರಿಗೆ

ಯಾರು ಏನೇ ಬರೆದು ಕೈಗಿತ್ತರೂ ಇಲ್ಲವೆನ್ನದ ಉದಾರಿಗಳೂ, ಲೇಖಕರ ಖರ್ಚಿನಲ್ಲೇ ಲೇಖಕರನ್ನು ಸನ್ಮಾನಿಸುವ ಕಲೆಯಲ್ಲಿ ಪಳಗಿದವರೂ ಆದ ಮಾನ್ಯ ಪ್ರಕಾಶಕರೇ,

ಮೂವತ್ತೊಂದು ವರ್ಷಗಳಿಂದ ಬೀಗ ರಿಪೇರಿ ಮಾಡಿಕೊಂಡಿರುವ ನಾನು ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ವೃತ್ತಿಯ ನೆನಪುಗಳನ್ನು ತಾವು ‘ಸ್ವರ್ಣ ಯೋಜನೆ’ಯಡಿ ಅಚ್ಚು ಹಾಕಿಸಿ ಕಳುಹಿಸಿದ ನೂರು ಪ್ರತಿಗಳು ಸುರಕ್ಷಿತವಾಗಿ ತಲುಪಿವೆ. ಮುಂದೆ ದೊಡ್ಡ ಬೀಗದ ಚಿತ್ರ, ಹಿಂದೆ ಹತ್ತು ವರ್ಷ ಚಿಕ್ಕವನಾಗಿ ಕಾಣುವ ನನ್ನ ಫೋಟೊ, ಎಲ್ಲವೂ ಅಂದವಾಗಿವೆ. ಒಳಗಿನ ನೂರ ಅರವತ್ತು ಪುಟಗಳು ಮಾತ್ರ ಗುಲಾಬಿ ಗಿಡಗಳ ಆರೈಕೆಯನ್ನು ಕುರಿತವು.

ಇದು ನನಗೇ ತಿಳಿದದ್ದು ಮೂರು ವಾರಗಳ ನಂತರವೆಂದು ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ನಾನೇ ಬರೆದದ್ದು ತಾನೆ, ಮತ್ತೆ ಓದುವುದೇನಿದೆ ಎಂಬ ಜಂಬದಲ್ಲಿ ಫೋಟೊ ನೋಡಿಕೊಂಡು, ಮೊದಲ ಖಾಲಿ ಹಾಳೆಯ ಮೇಲೆ ಸಹಿ ಹಾಕಿ ಹಂಚಿಬಿಟ್ಟೆ. ಯಾರಾದರೊಬ್ಬರು ಮೊದಲಿನಿಂದ ಕೊನೆಯವರೆಗೆ ಓದಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು. ಬಂದ ಹೊಗಳಿಕೆಗಳಂತೂ ಹೊಟ್ಟೆ ತುಂಬಿಸುವಂತಿದ್ದವು. ಭಾವಮೈದ ಬಿಡುಗಡೆಯ ದಿನ ಮೈಕು ಹಿಡಿದು, “ನಮ್ಮ ಭಾವನ ಕಷ್ಟ ಓದಿ ಎರಡು ದಿನ ಊಟ ಸೇರ್ಲಿಲ್ಲ” ಎಂದು ಕರವಸ್ತ್ರ ಹೊರತೆಗೆದ. ಪಕ್ಕದ ಅಂಗಡಿಯ ದರ್ಜಿ “ಒಂದೇ ಉಸಿರಿಗೆ ಮುಗಿಸ್ಬಿಟ್ಟೆ ಕಣ್ರೀ” ಎಂದ. ತಮ್ಮ ಯೋಜನೆಯಲ್ಲೇ ಸೇರಿದ್ದ ವಿಮರ್ಶೆ ನನ್ನ ಗದ್ಯದಲ್ಲಿ ‘ಕಬ್ಬಿಣದ ಗಟ್ಟಿತನ’ವನ್ನು ಕಂಡಿತು. ಗೊಬ್ಬರ, ಚಿಗುರು, ಎಲೆಹುಳುಗಳ ನಡುವೆ ಅಷ್ಟು ಕಬ್ಬಿಣವನ್ನು ಹುಡುಕಿ ತೆಗೆದ ವಿಮರ್ಶಕರ ಕಣ್ಣಿಗೆ ಯಾರ ದೃಷ್ಟಿಯೂ ತಾಗದಿರಲಿ. ನಿಜ ಹೇಳಿದವಳು ಹೆಂಡತಿಯೊಬ್ಬಳೇ: “ನಾನು ಓದಿಲ್ಲಪ್ಪ, ಮೂವತ್ತು ವರ್ಷ ಕೇಳಿದ್ದೇ ಸಾಕು.”

ಗುಟ್ಟು ಹೊರಬಿದ್ದದ್ದು ಒಂದು ಫೋನ್ ಕರೆಯಿಂದ. ಗುಲಾಬಿ ಪುಸ್ತಕ ಬರೆದ ತೋಟಗಾರಿಕೆ ಟೀಚರಮ್ಮನವರಿಗೆ, ತಮ್ಮ ಬೈಂಡಿಂಗ್ ವಿಭಾಗದ ಸಮದೃಷ್ಟಿಯಿಂದಾಗಿ, ಹೂವಿನ ರಕ್ಷಾಪುಟದೊಳಗೆ ನನ್ನ ಬೀಗಗಳು ಸಿಕ್ಕಿದ್ದವಂತೆ. ಮುಂದಿನ ಪುಟದಲ್ಲಾದರೂ ತಮ್ಮ ಬರಹ ಶುರುವಾದೀತೆಂದು ಒಂದೊಂದೇ ಪುಟ ನೋಡುತ್ತ ಹೋದವರು ಕೊನೆಯ ಪುಟವನ್ನೇ ಮುಟ್ಟಿಬಿಟ್ಟಿದ್ದರು. ಅಲ್ಲಿ ಅಭ್ಯಾಸಬಲದಿಂದ ನಾನು ಅಂಗಡಿಯ ನಂಬರು ಹಾಕಿಸಿದ್ದೆ. ಜಗಳಕ್ಕೆಂದೇ ಕರೆ ಮಾಡಿದ ಅವರು ನಡುವೆ ಜಗಳ ಮರೆತು, “ಅದಿರ್ಲಿ, ಸ್ನಾನದ ಮನೇಲಿ ಸಿಕ್ಕಿಹಾಕ್ಕೊಂಡ ಅಜ್ಜಿ ಕಥೆ ಅರ್ಧಕ್ಕೇ ಬಿಟ್ಟಿದ್ದೀರಲ್ಲ, ಬಾಗಿಲು ತೆಗೆದ್ಮೇಲೆ ಏನಂದ್ರು?” ಎಂದು ಕೇಳಿದರು. “ಇಷ್ಟು ಬೇಗ ಯಾಕಪ್ಪ ತೆಗ್ದೆ, ಸೊಸೆ ಮಾತು ಕೇಳ್ದೆ ಹಾಯಾಗಿದ್ದೆ” ಎಂದು ಅಜ್ಜಿ ನನ್ನನ್ನೇ ಬೈದದ್ದನ್ನು ಹೇಳಿದೆ. ಟೀಚರಮ್ಮ ಬಿದ್ದು ಬಿದ್ದು ನಕ್ಕರು. ಮಾನ್ಯರೇ, ನನ್ನ ಪುಸ್ತಕದ ಬಗ್ಗೆ ನನಗೆ ಬಂದ ಮೊದಲ ಪ್ರಶ್ನೆ ಅದು. ಸಂತೋಷಕ್ಕೆ ಕಣ್ಣು ತುಂಬಿಕೊಂಡು, ಎದುರಿಗೆ ನಿಂತಿದ್ದ ಗಿರಾಕಿಗೆ ಇನ್ಯಾರದೋ ಕೀಲಿ ಕೊಟ್ಟು ಕಳುಹಿಸಿದೆ.

ಆದಕಾರಣ ತಾವು ದಯವಿಟ್ಟು ಈ ತಪ್ಪನ್ನು ತಿದ್ದಕೂಡದು. ನಾನೂ ಗುಲಾಬಿ ಪುಸ್ತಕವನ್ನು ಪೂರ್ತಿ ಓದಿ ಎಲೆಹುಳುವಿನ ಅಧ್ಯಾಯದ ಮೇಲೆ ನಾಲ್ಕು ಪ್ರಶ್ನೆ ಕೇಳಿದಾಗ ಟೀಚರಮ್ಮನವರ ದನಿಯೂ ಒದ್ದೆಯಾಯಿತು. ಹೀಗಾಗಿ ಇನ್ನು ಮುಂದೆ ಪ್ರತಿಯೊಬ್ಬ ಲೇಖಕನ ಬರಹವನ್ನೂ ಇನ್ನೊಬ್ಬನ ರಕ್ಷಾಪುಟದೊಳಗೇ ಕಟ್ಟಿಸುವ ‘ಅದಲು ಬದಲು ಯೋಜನೆ’ಯೊಂದನ್ನು ತಾವು ಜಾರಿಗೆ ತರಬೇಕು; ತನ್ನನ್ನೇ ಹುಡುಕುತ್ತ ಹೊರಟ ಲೇಖಕನಷ್ಟು ಶ್ರದ್ಧೆಯ ಓದುಗ ಬೇರೆಲ್ಲಿ ಸಿಕ್ಕಾನು? ಹಾಗೆಯೇ ತಮ್ಮ ಬೈಂಡರ್ ಅವರನ್ನು ಪ್ರಧಾನ ಸಂಪಾದಕರನ್ನಾಗಿ ನೇಮಿಸಬೇಕು. ಇಡೀ ಸಂಸ್ಥೆಯಲ್ಲಿ ನಮ್ಮ ಹಾಳೆಗಳನ್ನು ಕೈಯಿಂದ ಮುಟ್ಟಿದವರು ಅವರೊಬ್ಬರೇ ಎಂದು ಕಾಣುತ್ತದೆ.

ಓದಿಸಿಕೊಂಡ ಸುಖದಲ್ಲಿರುವ,
ತಮ್ಮ ವಿಶ್ವಾಸಿ,
ಬೀಗ ರಿಪೇರಿಯವನು

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ಬೆಳಿಗ್ಗೆಯೇ ತಮ್ಮ ಕಚೇರಿಗೆ ಕೊಟ್ಟು ಬಂದಿದ್ದೆ. ‘ತಮ್ಮ ಹಸ್ತಪ್ರತಿಯನ್ನು ಸಂಪಾದಕ ಮಂಡಳಿ ಕೂಲಂಕಷವಾಗಿ ಪರಿಶೀಲಿಸಿ ವಜ್ರ ಯೋಜನೆಗೆ ಆಯ್ಕೆ ಮಾಡಿದೆ, ಅಭಿನಂದನೆಗಳು’ ಎಂಬ ತಮ್ಮ ಉತ್ತರ ಮಧ್ಯಾಹ್ನವೇ ಬಂತು. ಧನ್ಯನಾದೆ. ಚೆನ್ನಾಗಿ ಖರ್ಚಾಗುವ ಅಡುಗೆ ಪುಸ್ತಕ ಯಾವುದಾದರೂ ಅಚ್ಚಿಗೆ ಹೋಗುತ್ತಿದ್ದರೆ, ಈ ಪತ್ರವನ್ನು ಅದರ ರಕ್ಷಾಪುಟದೊಳಗೆ ಸೇರಿಸಿಬಿಡಿ.