ಸೀಲಿಂಗಿನ ಮೇಲಿನ ಸೀರೆ ತುಂಡುಗಳು

ನಮ್ಮ ಮನೆಯವರು ತೀರಿಕೊಂಡ ಹಿಂದಿನ ದಿನ ಅಂಗಡಿಯಲ್ಲಿ ನಡೆದದ್ದು ಇಷ್ಟೇ: ಮೂರನೆಯ ದೀಪ ಆರಿತು, ಅವರು ಸ್ಟೂಲು ಹತ್ತಿದರು, ನಾನು ಬೈದೆ. ವಾರಕ್ಕೆ ಎರಡು ಸಲ ನಡೆಯುವ ಕೆಲಸವಾದ್ದರಿಂದ ಯಾರೂ ತಲೆಯೆತ್ತಿ ನೋಡಲಿಲ್ಲ. ಗಂಡಸರಲ್ಲಿ ಕೆಲವರಿಗೆ ತಮಗೆ ಹಾಡು ಬರುತ್ತದೆಂಬ ಭ್ರಮೆ ಇರುತ್ತದೆ, ಕೆಲವರಿಗೆ ಅಡುಗೆ. ನಮ್ಮವರಿಗೆ ಕರೆಂಟು.

ಆಂಧ್ರದ ಗಡಿಯೂರು ಆದೋನಿಯ ಬಜಾರಿನಲ್ಲಿ ನಮ್ಮದು ಸೀರೆ ಅಂಗಡಿ. ಮೇಲೆ ಚೌಕ ಚೌಕ ಬಿಳಿ ಹಲಗೆಯ ಫಾಲ್ಸ್ ಸೀಲಿಂಗು. ಕೆಳಗಿನಿಂದ ನೋಡಿದರೆ ಮದುವೆ ಮಂಟಪದಂತೆ ಲಕಲಕ. ಒಂದು ಹಲಗೆ ಸರಿಸಿ ಅವರು ಕತ್ತಿನವರೆಗೂ ಒಳಗೆ ಹೋದರೆ ಗಿರಾಕಿಗಳಿಗೆ ಮೈ ಮಾತ್ರ ಕಾಣುತ್ತಿತ್ತು, ತಲೆಯಿಲ್ಲ. ವ್ಯಾಪಾರ ಹಾಗೆಯೇ ನಡೆಯುತ್ತಿತ್ತು. ಆಲೂರಿನಿಂದ ಬಂದ ಮುದುಕಿಯೊಬ್ಬಳು ಅವರ ಪಂಚೆಗೇ ಕೈಮುಗಿದು, "ರೇಟು ಸ್ವಲ್ಪ ಇಳಸ್ರಿ ಸಾವ್ಕಾರ್ರ" ಎಂದದ್ದೂ ಉಂಟು.

"ಬಂತೇನ?" ಎಂದು ಒಳಗಿನಿಂದ ಕೇಳುವರು.

"ಇಲ್ರಿ."

"ಈಗ?"

"ಬಂತು, ಬಂತು! ಕೈ ತಗೀರಿ ಇನ್ನ!"

ಕೈ ತೆಗೆದರೆ ಮತ್ತೆ ಆರುತ್ತಿತ್ತು. ಆಗ ಬೇಕಾಗುತ್ತಿದ್ದದ್ದು ಒಂದು ತುಂಡು ಬಟ್ಟೆ. ಇಲ್ಲಿ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಜಗತ್ತಿನವರೆಲ್ಲ ವೈರು ಕೂಡಿಸಿದ ಕಡೆ ಟೇಪು ಸುತ್ತುತ್ತಾರೆ. ನಮ್ಮವರು, "ಬಟ್ಟಿ ಅಂಗಡಿ ಇಟ್ಕೊಂಡು ಟೇಪ್ ತರಾಕ ಹೋದ್ರ ಮಂದಿ ನಗಂಗಿಲ್ಲೇನ?" ಎಂದು ಕೈ ಕೆಳಗೆ ಚಾಚುವರು. ನಾನು ಬೈಯುತ್ತಲೇ ಸೀರೆಯ ತುದಿಯೊಂದನ್ನು ಹರಿದು ಕೊಡುತ್ತಿದ್ದೆ. "ಕಾಟನ್ ಕೊಡು, ಪಾಲಿಸ್ಟರ್ ಕರಗತೈತಿ" ಎನ್ನುವಷ್ಟು ಜಾಗ್ರತೆ ಅವರದು. ಆ ಕೊನೆಯ ದಿನ ನೀಲಿ ತುಂಡು ಕೊಟ್ಟೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟವರು ಹಾಗೇ ಗೋಡೆಗೆ ಒರಗಿದರು. ಹೃದಯ ನಿಂತಿದೆ ಎಂದರು ಡಾಕ್ಟರು. ಮಾತಾಡಿಸಲು ಬಂದವರೆಲ್ಲ ನನ್ನ ಕೈಹಿಡಿದು ಮೆಲ್ಲಗೆ ಕೇಳಿದ್ದು ಒಂದೇ: "ಕರೆಂಟ್ ಹೊಡೀತೇನವ್ವಾ?" ಅಲ್ಲ ಎಂದರೆ ಅರ್ಧ ಜನ ನಂಬಲಿಲ್ಲ. ಅವರಿದ್ದಿದ್ದರೆ ಈ ಅಪವಾದಕ್ಕೆ ಬಹಳ ನೊಂದುಕೊಳ್ಳುತ್ತಿದ್ದರು.

ತಿಂಗಳಾದ ಮೇಲೆ ಅಂಗಡಿ ತೆರೆದೆ. ಮೂರನೆಯ ದೀಪ ಹತ್ತಲಿಲ್ಲ. ಬಟ್ಟೆ ಅಳೆಯುವ ಮೀಟರ್ ಕಡ್ಡಿಯಿಂದ ಹಲಗೆಗೆ ತಿವಿದೆ. ದೀಪ ಬರಲಿಲ್ಲ, ಫ್ಯಾನೂ ನಿಂತಿತು. ಕೊನೆಗೆ ಎಲೆಕ್ಟ್ರಿಷಿಯನ್ ಮಾಬುಸಾಬನನ್ನು ಕರೆಸಿದೆ. ತಲೆ ಒಳಗಿಟ್ಟವನು ಕತ್ತು ತಿರುಗಿಸಿ ಸುತ್ತಲೂ ನೋಡಿದ. ಆಮೇಲೆ ತೆಲುಗಿನಲ್ಲಿ ಏನೋ ಅಂದ, ಅದನ್ನು ಬರೆಯುವಂತಿಲ್ಲ.

"ಅಕ್ಕಾ, ಪೈಪಿಲ್ಲ, ಡಬ್ಬಿ ಇಲ್ಲ, ಅರ್ತಿಂಗಂತೂ ಇಲ್ಲೇ ಇಲ್ಲ. ನಿಮ್ಮ ಶೋರೂಮು ಕೆಳಗಿಲ್ಲ, ಮ್ಯಾಲೈತಿ! ಎಲ್ಲಾ ಕಿತ್ತು ಹೊಸಾದು ಹಾಕ್ಬೇಕು. ಇಲ್ಲಾಂದ್ರ ಒಂದಿನ ಅಂಗಡಿ ಪೂರಾ ಸುಟ್ಟು ಹೋಗ್ತೈತಿ."

ಮೇನ್ ಆಫ್ ಮಾಡಿಸಿ, ಟಾರ್ಚು ಹಿಡಿದು ನಾನೂ ಹತ್ತಿದೆ. ಹದಿನೈದು ವರ್ಷ ನಾನು ಹರಿದುಕೊಟ್ಟದ್ದೆಲ್ಲ ಅಲ್ಲಿತ್ತು. ಹಸಿರು ತುಂಡು ಮಗಳ ಮದುವೆಯ ವರ್ಷದ್ದು. ಯಾರೂ ಕೊಳ್ಳದ ಸಾಸಿವೆ ಬಣ್ಣದ್ದು ಏಳು ಕಡೆ ಇತ್ತು. ಒಬ್ಬ ಗಿರಾಕಿಗೂ ಹಿಡಿಸದ ಸೀರೆಗೆ ಅವರು ಹೀಗೆ ಜಾಗ ಹುಡುಕಿದ್ದರು. ಎಲ್ಲಕ್ಕೂ ಸೀರೆ ಬಂಡಲಿಗೆ ಹಾಕುವ ಅದೇ ಎರಡು ಸುತ್ತಿನ ಗಂಟು. ಮೂರನೆಯ ದೀಪದ ಹತ್ತಿರ ನೀಲಿ ತುಂಡು. ಅದರ ಅರ್ಧ ಕರಕಲಾಗಿತ್ತು.

"ಮಾಬೂ, ಇದೊಂದು ಬಿಡಾಕ ಬರ್ತೈತೇನಪ್ಪಾ?"

"ಬೆಂಕಿಗೆ ಅದು ಅಣ್ಣಾರು ಕಟ್ಟಿದ ಗಂಟು ಅಂತ ಗೊತ್ತಾಗಂಗಿಲ್ಲಕ್ಕಾ."

ಕೀಳು ಎಂದೆ. ಎರಡು ದಿನದಲ್ಲಿ ಪೈಪು, ಡಬ್ಬಿ, ಅರ್ತಿಂಗು ಎಲ್ಲ ಬಂದವು. ನಾನು ಸ್ಟೂಲಿನ ಪಕ್ಕದಲ್ಲಿ ನಿಂತೇ ಇದ್ದೆ. ಆದರೆ ಮಾಬು ಕೆಲಸ ಬಲ್ಲವನು, ಕೈಯಲ್ಲಿ ಟೆಸ್ಟರು ಇರುತ್ತದೆ. ಕೆಳಗಿರುವವರನ್ನು ಏನೂ ಕೇಳುವುದಿಲ್ಲ.

ಈಗ ಮೂರನೆಯ ದೀಪ ಒಂದು ಸಲವೂ ಆರಿಲ್ಲ. ನಾನೇ ಇನ್ನೂ ಸರಿಹೋಗಿಲ್ಲ. ಬೆಳಿಗ್ಗೆ ಸ್ವಿಚ್ಚು ಹಾಕಿ, ಅಭ್ಯಾಸಬಲದಿಂದ "ಬಂತು, ಬಂತು!" ಎಂದು ಕೂಗಿಬಿಡುತ್ತೇನೆ. ಗಿರಾಕಿಗಳು ಬಾಗಿಲ ಕಡೆ ತಿರುಗಿ ಏನು ಬಂತೆಂದು ನೋಡುತ್ತಾರೆ.

"ಬಂತೇನ?" ಎಂದು ಕೇಳುವವರು ಇಲ್ಲ.