ಸೋರುವ ಲೈನ್

ಬೆಂಕಿ ಬೀಳುವ ಮೊದಲೇ ಬಂದು ಎಚ್ಚರಿಸುವವನ ಮಾತು ಯಾರಿಗೂ ರುಚಿಸುವುದಿಲ್ಲ. ಕಾರ್ಖಾನೆಗಳಲ್ಲಿ ಎಲ್ಲಿ ಬೆಂಕಿ ಹತ್ತಬಹುದು, ಯಾವುದು ಸಿಡಿಯಬಹುದು ಎಂದು ನೋಡಿ ಹೇಳುವುದೇ ನನ್ನ ಕೆಲಸವಾದ್ದರಿಂದ, ಇಂಥದ್ದು ಆಗುತ್ತಲೇ ಇರುತ್ತದೆ. ಅಮ್ಮತ್ತಿ ಕಡೆಯ ಒಂದು ಕಾರ್ಖಾನೆಯ ಕಥೆಯೇ ಸಾಕು. ಅಲ್ಲಿ ಕಾಳುಮೆಣಸಿನ ಎಣ್ಣೆ ತೆಗೆಯುತ್ತಾರೆ. ಅದಕ್ಕೆ ಬಳಸುವ ದ್ರಾವಕ ಪೆಟ್ರೋಲಿನ ಹಾಗೆ ಭಗ್ಗನೆ ಹತ್ತಿಕೊಳ್ಳುವಂಥದ್ದು. ಟ್ಯಾಂಕಿನ ಹಿಂದೆ ಒಂದು ಗೋಡೆ, ಗೋಡೆಯಾಚೆ ಕೆಲಸದವರು ಸಂಸಾರ ಸಮೇತ ಇರುವ ಸಾಲುಮನೆಗಳ ಲೈನ್, ಮನೆಮನೆಯಲ್ಲೂ ಸೌದೆ ಒಲೆ. ನನ್ನ ಹೆದರಿಕೆಯೆಲ್ಲ ಆ ಒಲೆಗಳದ್ದು.

ಬಕೆಟ್

ಬೆಂಕಿ ಆರಿಸಲು ನೇತುಹಾಕಿದ್ದ ಕೆಂಪು ಬಕೆಟ್‌ಗಳಲ್ಲಿ ಮರಳೇ ಇರಲಿಲ್ಲ. ಮ್ಯಾನೇಜರ್ ಹಿಂದೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಯಾವುದಕ್ಕೂ ಗಾಬರಿಯಾಗುವವರಲ್ಲ.

"ಮರಳು ಗಾರೆ ಕೆಲಸಕ್ಕೆ ಹೋಯ್ತು ಸಾರ್."

"ಈಗ ಬೆಂಕಿ ಹತ್ತಿದರೆ?"

"ವಿರಾಜಪೇಟೆಯಿಂದ ಮರಳು ತರಿಸೋದು. ಸುರಿಯೋಕೆ ಬಕೆಟ್ ಉಂಟಲ್ಲ."

ಗುಂಡು

ಇನ್ನೊಂದು ಸಲ ಹೋದಾಗ ಮಾಲೀಕರಿಗೆ ಮೊಮ್ಮಗ ಹುಟ್ಟಿದ ಸಂಭ್ರಮ. ಗಂಡುಮಗು ಹುಟ್ಟಿದರೆ ಗುಂಡು ಹಾರಿಸುವುದು ಅವರ ಪದ್ಧತಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅವರು ಕೋವಿ ಎತ್ತಿ ನಿಂತಿದ್ದು ಟ್ಯಾಂಕಿನ ಪಕ್ಕದಲ್ಲಿ. ಓಡಿಹೋಗಿ ಕೈ ಹಿಡಿದುಕೊಂಡೆ.

ಮ್ಯಾನೇಜರಿಗೆ ನನ್ನ ಮೇಲೆ ಕನಿಕರ ಬಂತು. "ಗುಂಡು ಹೋಗೋದು ಮೇಲಕ್ಕೆ ಸಾರ್. ಟ್ಯಾಂಕ್ ಕೆಳಗೆ ಉಂಟಲ್ಲ."

ಎಲ್ಲರೂ ನಕ್ಕರು. ಆ ದಿನ ಅಲ್ಲಿ ಉರಿದದ್ದು ನನ್ನ ಮೈ ಮಾತ್ರ.

ಲೈನ್

ಮಳೆಗಾಲಕ್ಕೆ ಮುಂಚೆ ಹೋದಾಗ ಟ್ಯಾಂಕಿನ ಪೈಪು ಆ ಗೋಡೆಯ ಹತ್ತಿರವೇ ತೊಟ್ಟಿಕ್ಕುತ್ತಿತ್ತು. ಆಚೆಯಿಂದ ಒಲೆಯ ಹೊಗೆ ಏಳುತ್ತಿತ್ತು. ಮ್ಯಾನೇಜರ್ ಬಿಟ್ಟಂಗಾಲ ಎಂಬ ಊರಿನಲ್ಲಿ ಯಾವುದೋ ಮದುವೆಯಲ್ಲಿದ್ದರು. ಪೈಪಿಗೆ ಲೈನ್ ಎನ್ನುವುದು ನಮ್ಮ ಕಸುಬಿನವರ ರೂಢಿ. ಹಾಗೇ ಫೋನಿನಲ್ಲಿ ಕೂಗಾಡಿದೆ: "ನಿಮ್ಮ ಲೈನ್ ಸೋರ್ತಾ ಇದೆ. ಕೂಡಲೇ ಸರಿಮಾಡಿಸಿ. ಜನ ಸಾಯ್ತಾರೆ."

ಅವರು ಮೊದಲ ಬಾರಿಗೆ ನನ್ನ ಮಾತು ಕೇಳಿದರು. ಅದೇ ವಾರ ಫೋನ್ ಬಂತು. "ಪೂರ್ತಿ ಹೊಸದು ಹಾಕಿಸಿದೆ ಸಾರ್." ಮಳೆಗಾಲವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಮಳೆ ಬಿಟ್ಟ ಮೇಲೆ ಹೋದರೆ ಪೈಪು ಅದೇ ಜಾಗದಲ್ಲಿ ತೊಟ್ಟಿಕ್ಕುತ್ತಿದೆ. "ಹೊಸದು ಎಲ್ಲಿ ಹಾಕಿಸಿದಿರಿ?" ಎಂದೆ. ಮ್ಯಾನೇಜರ್ ಹೆಮ್ಮೆಯಿಂದ ಗೋಡೆಯಾಚೆ ಕೈ ತೋರಿಸಿದರು. ಲೈನ್ ಮನೆಗಳ ಮೇಲೆಲ್ಲ ಹೊಸ ಶೀಟು ಹೊಳೆಯುತ್ತಿತ್ತು.

ಅಷ್ಟರಲ್ಲಿ ಅಲ್ಲಿಂದ ಒಬ್ಬ ಹೆಂಗಸು ಬಂದು ಕೈಮುಗಿದಳು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಸಾರ್. ಮೊದಲೆಲ್ಲ ಸೋರಿ ಸೋರಿ ಒಲೆ ಆರಿಹೋಗ್ತಿತ್ತು. ಈ ಮಳೆಗಾಲ ಒಂದು ದಿನವೂ ಆರಲಿಲ್ಲ."